ಸೀಗೆ, ಅಂಟುವಾಳ ಮತ್ತು ಎಣ್ಣೆಯ ಸ್ನಾನ

ಮನೆಯಲ್ಲಿಯೇ ಕೇಶಲೇಪ, ಮುಖಲೇಪ, ತಲೆ ತೊಳೆಯುವ ಕಷಾಯ ಮೊದಲಾದವನ್ನು ಸಿದ್ಧಪಡಿಸಿಕೊಳ್ಳುವ ಹವ್ಯಾಸವು ಈಚೆಗೆ ಪಟ್ಟಣಗಳಲ್ಲಿ ಹೆಚ್ಚುತ್ತಿದ್ದು, ಎಣ್ಣೆಯನ್ನೂ ನೀರನ್ನೂ ಕೂಡಿಸಿ ನಿಲ್ಲಿಸಬಲ್ಲ, ರಾಸಾಯನಿಕ ಕಾರ್ಖಾನೆಯ ಸೋಂಕಿಲ್ಲದ, ಸಸ್ಯಜನ್ಯವಾದ ದ್ರವ್ಯ ಯಾವುದೆಂದು ಅನೇಕರು ವಿಚಾರಿಸತೊಡಗಿದ್ದಾರೆ. ಈ ವಿಚಾರಣೆಗೆ ಉತ್ತರವು ನಮ್ಮ ಅಜ್ಜಿಯರ ಬಚ್ಚಲುಮನೆಯ ಗೂಡಿನಲ್ಲಿ, ಸೀಗೆಪುಡಿಯ ಡಬ್ಬಿಯಲ್ಲಿಯೂ ಅಂಟುವಾಳದ ಚೀಲದಲ್ಲಿಯೂ, ಶತಮಾನಗಳಿಂದ ಕುಳಿತಿತ್ತೆಂದು ಹೇಳಿದರೆ ಅದು ನಿಜವೇ; ಆದರೆ ಅರ್ಧ ನಿಜ. ಸೀಗೆಯನ್ನು ಹಿಂದಿನವರ ಸಾಬೂನೆಂದೂ, ಸಾಬೂನು ದೊರೆಯದಿದ್ದ ಕಾಲದಲ್ಲಿ ಬಡವರೂ ಹಳ್ಳಿಗರೂ ಅನಿವಾರ್ಯವಾಗಿ ಹಿಡಿದಿದ್ದ ಬದಲಿ ವಸ್ತುವೆಂದೂ ಭಾವಿಸುವವರು ಆ ಪದ್ಧತಿಯ ಮರ್ಮವನ್ನು ಕಾಣದೆ ಹೋಗುತ್ತಾರೆ. ಸೀಗೆಯು ತಾನೇ ತಾನಾಗಿ ಒಂದು ಪದ್ಧತಿಯಾಗಿರಲಿಲ್ಲ. ಅದು ಎಣ್ಣೆ ಹಚ್ಚಿಕೊಳ್ಳುವುದೆಂಬ ಆಚಾರದ ಉತ್ತರಾರ್ಧವಾಗಿತ್ತು. ಪೂರ್ವಾರ್ಧವು ಬಾಳಿದಷ್ಟು ಕಾಲ ಅದೂ ಬಾಳಿತು. ಪೂರ್ವಾರ್ಧವು ಸೊರಗಿದಾಗ ಸೀಗೆಯೂ ಸೊರಗಿತು. ಈ ಸಂಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡು ಇದರ ಚರಿತ್ರೆಯನ್ನು ನೋಡುವುದು ಯುಕ್ತ.

ಅಭ್ಯಂಗವು, ಎಂದರೆ ಮೈಗೆ ಎಣ್ಣೆ ಹಚ್ಚಿಕೊಳ್ಳುವುದು, ನಮ್ಮ ದೇಶದ ಅತಿ ಪ್ರಾಚೀನವಾದ ಶರೀರಸಂಸ್ಕಾರಗಳಲ್ಲಿ ಒಂದು. ಅಷ್ಟಾಂಗಹೃದಯವನ್ನು ರಚಿಸಿದ ವಾಗ್ಭಟನು ದಿನಚರ್ಯೆಯನ್ನು ನಿರೂಪಿಸುವಾಗ ಅಭ್ಯಂಗವನ್ನು ನಿತ್ಯವೂ ಆಚರಿಸಬೇಕೆಂದು ವಿಧಿಸಿ, ತಲೆ, ಕಿವಿ, ಪಾದಗಳಿಗೆ ಅದು ವಿಶೇಷವಾಗಿ ಸಲ್ಲತಕ್ಕದ್ದೆಂದು ಹೇಳುತ್ತಾನೆ. ಹೇಮಂತಋತುವಿನ ಚರ್ಯೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೈಗೆ ಹಚ್ಚಿದ ಸ್ನೇಹವನ್ನು ಕಷಾಯದ್ರವ್ಯಗಳಿಂದ ತೆಗೆದ ಮೇಲೆ ಸ್ನಾನಮಾಡಬೇಕೆಂದು ನಿರ್ದೇಶಿಸುತ್ತಾನೆ. ಎಣ್ಣೆಯನ್ನು ಹಚ್ಚುವುದು, ಅದನ್ನು ತಕ್ಕ ದ್ರವ್ಯದಿಂದ ತೆಗೆಯುವುದು, ಆಮೇಲೆ ನೀರೆರೆದುಕೊಳ್ಳುವುದು, ಈ ಮೂರು ಹಂತಗಳ ಅನುಕ್ರಮವು ವಾಗ್ಭಟನ ಕಾಲಕ್ಕಾಗಲೇ ಸ್ಥಿರಪಟ್ಟಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ವಾತ್ಸ್ಯಾಯನನು ನಾಗರಕನ ದಿನಚರಿಯನ್ನು ವರ್ಣಿಸುತ್ತ ಸ್ನಾನವು ನಿತ್ಯವೆಂದೂ, ಮೈಯುಜ್ಜುವುದು ಎರಡು ದಿನಕ್ಕೊಮ್ಮೆಯೆಂದೂ, ಫೇನಕದ ಬಳಕೆ ಮೂರು ದಿನಕ್ಕೊಮ್ಮೆಯೆಂದೂ ಗಡುವುಗಳನ್ನು ಹಾಕಿಕೊಟ್ಟಿರುವುದನ್ನು ನೋಡಿದರೆ, ನೊರೆಬರುವ ದ್ರವ್ಯವನ್ನು ಪ್ರತಿದಿನವೂ ಮೈಗೆ ತಾಗಿಸುವುದು ಶಿಷ್ಟಾಚಾರವಾಗಿರಲಿಲ್ಲವೆಂಬುದೂ ತಿಳಿಯುತ್ತದೆ. ಇನ್ನು ಮನುಸ್ಮೃತಿಯ ದ್ರವ್ಯಶುದ್ಧಿ ಪ್ರಕರಣದಲ್ಲಿ, ಆಡಿನ ಕೂದಲಿನ ಕಂಬಳಿಗಳನ್ನು ಅರಿಷ್ಟಕದಿಂದ, ಎಂದರೆ ಅಂಟುವಾಳದಿಂದ, ಶುದ್ಧಗೊಳಿಸಬೇಕೆಂಬ ವಿಧಿಯುಂಟು. ಮನುಷ್ಯನ ಕೂದಲಿಗೆ ಒಗ್ಗುವ ಕಾಯಿ ಪಶುವಿನ ಕೂದಲಿಗೂ ಒಗ್ಗುತ್ತದೆಂಬುದನ್ನು ಆ ಕಾಲದವರು ಅನುಭವದಿಂದಲೇ ಅರಿತಿದ್ದರು.

ಕನ್ನಡನಾಡಿನ ಮಟ್ಟಿಗೆ ಈ ವಿಷಯದಲ್ಲಿ ಎರಡು ಗ್ರಂಥಗಳು ಸ್ಮರಣೀಯವಾಗಿವೆ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿಯೇ ರಚಿಸಿದ ಲೋಕೋಪಕಾರವು ಗೃಹಸ್ಥನಿಗೆ ಬೇಕಾಗುವ ವಿದ್ಯೆಗಳನ್ನೆಲ್ಲ ಒಂದೆಡೆ ಕೂಡಿಸುವ ಸಂಕಲ್ಪದಿಂದ ಹುಟ್ಟಿದ್ದು. ವೃಕ್ಷಾಯುರ್ವೇದ, ಸೂಪಶಾಸ್ತ್ರ, ಜಲಶೋಧನೆಗಳ ಸಾಲಿನಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೂ ಅದರಲ್ಲಿ ಸ್ಥಾನ ದೊರೆತಿದೆ. ಮೈಗೆ ಪೂಸುವ ವಸ್ತುಗಳನ್ನು ಮನೆಯಲ್ಲಿ ಕೂಡಿಸಿಕೊಳ್ಳುವುದು ಅಂದಿನ ಜನಕ್ಕೆ ಅಡುಗೆಯಷ್ಟೇ ಸಹಜವಾದ ವಿದ್ಯೆಯಾಗಿದ್ದಿತು. ಇದಕ್ಕೆ ನೂರು ವರ್ಷಗಳ ತರುವಾಯ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವು ಅರಸನ ಉಪಭೋಗಗಳಲ್ಲಿ ಸ್ನಾನಭೋಗವನ್ನೂ ಎಣಿಸಿ, ಹೂಗಳ ಪರಿಮಳವನ್ನು ಹೀರಿಸಿದ ಎಳ್ಳೆಣ್ಣೆಯಿಂದ ಅಭ್ಯಂಗ ಮಾಡಿಸಿಕೊಳ್ಳುವ ವಿಧಾನವನ್ನೂ, ಅನಂತರ ಆ ಜಿಡ್ಡನ್ನು ಸುಗಂಧದ ಉದ್ವರ್ತನ ಚೂರ್ಣಗಳಿಂದ ತೆಗೆಯುವ ಕ್ರಮವನ್ನೂ ಹೇಳುತ್ತದೆ. ಇಂದಿನ ಬಸವಕಲ್ಯಾಣದ ನೆಲದಲ್ಲಿ ಅರಮನೆಯ ಸ್ನಾನಗೃಹವು ಅಳಿದುಹೋಗಿದ್ದರೂ, ಎಣ್ಣೆಯ ಹಿಂದೆ ಪುಡಿ, ಪುಡಿಯ ಹಿಂದೆ ಬಿಸಿನೀರು ಎಂಬ ಆ ಕ್ರಮವು ಮಾತ್ರ ಎಂಟುನೂರು ವರ್ಷಗಳ ಅನಂತರವೂ ಗುಡಿಸಲುಗಳವರೆಗೆ ಇಳಿದುಬಂದು ಉಳಿದಿತ್ತು. ಅರಸನಿಗೂ ಒಕ್ಕಲಿಗೂ ಇದ್ದ ವ್ಯತ್ಯಾಸವು ಪರಿಮಳದ್ದೇ ಹೊರತು ಪದ್ಧತಿಯದಲ್ಲ.

ಈ ಉತ್ತರಾರ್ಧದ ಕೆಲಸಕ್ಕೆ ನಾಡಿನ ಒಂದೊಂದು ಸೀಮೆಯು ತನ್ನ ತನ್ನ ನೆಲದಲ್ಲಿ ಬೆಳೆದುದನ್ನು ಆರಿಸಿಕೊಂಡಿತು. ಸೀಗೆಯು ಸಹ್ಯಾದ್ರಿಯ ಮತ್ತು ಅದರ ಪೂರ್ವದ ಬೆಟ್ಟಗಳ ಕಾಡುಗಳಲ್ಲಿ ದೊಡ್ಡ ಮರಗಳನ್ನು ಅಪ್ಪಿಕೊಂಡು ಮೇಲೇರುವ ಮುಳ್ಳುಬಳ್ಳಿ. ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಅದರ ಮುಳ್ಳು ಬಟ್ಟೆಯನ್ನಾಗಲಿ ಚರ್ಮವನ್ನಾಗಲಿ ಹಿಡಿದರೆ ಸುಲಭವಾಗಿ ಬಿಡದು. ಅದರ ಹುಳಿಯಾದ ಎಳೆಯ ಚಿಗುರನ್ನು ಮಲೆನಾಡಿಗರು ಅಡುಗೆಗೆ ಬಳಸುವುದುಂಟು. ದಪ್ಪ ಸಿಪ್ಪೆಯ ಕಾಯಿಗಳು ಬಲಿತು ಒಣಗಿ ಕಂದುಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದ ಮೇಲೆ ಸ್ನಾನಕ್ಕೆ ಯೋಗ್ಯವಾಗುತ್ತವೆ. ಅಂಟುವಾಳವು, ಎಂದರೆ ಕೆಲವೆಡೆ ನೊರೆಕಾಯಿಯೆಂದು ಕರೆಯುವುದು, ಮಧ್ಯಮಗಾತ್ರದ ಮರದ ಫಲ. ಮೂರು ಕಾಯಿಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವ ಆ ಹಣ್ಣಿನ ಒಳಗಿನ ಕರಿಯ ಗಟ್ಟಿ ಬೀಜವನ್ನು ತೆಗೆದು ಹೊರಗಿನ ತಿರುಳನ್ನು ಮಾತ್ರ ಬಳಸುತ್ತಾರೆ. ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಬೆಳೆಯುವ ತುಗ್ಗಲಿ ಮರದ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿದರೆ ಅದೇ ಚಿಗರೆಪುಡಿ. ಸೀಗೆಗಿಂತ ಸೌಮ್ಯವೂ ತಂಪೂ ಆದದ್ದೆಂದು ಹಳೆಯ ಮೈಸೂರು ಸೀಮೆಯ ಹೆಂಗಸರು ಇದನ್ನು ಸೀಗೆಯೊಡನೆ ಬೆರೆಸಿಕೊಳ್ಳುತ್ತಿದ್ದರು. ಕರಾವಳಿ ಮಲೆನಾಡುಗಳಲ್ಲಿ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಯಾದ ಗೊಂಪು ಈ ಕೆಲಸಕ್ಕೆ ಒದಗುತ್ತಿತ್ತು. ಇದೇನೂ ದೊರೆಯದ ಕಡೆ ಕಡಲೆಹಿಟ್ಟು, ಹೆಸರುಹಿಟ್ಟುಗಳಿದ್ದವು. ಹಿಟ್ಟು ಜಿಡ್ಡನ್ನು ಹೀರಿಕೊಳ್ಳುತ್ತದೆ, ಲೋಳೆಯು ಜಾರಿಸುತ್ತದೆ, ಸೀಗೆ ಅಂಟುವಾಳಗಳು ಜಿಡ್ಡನ್ನು ನೀರಿನಲ್ಲಿ ಒಡೆಯುತ್ತವೆ. ಹಳೆಯ ಮಿಶ್ರಣಗಳಲ್ಲಿ ಈ ಮೂರು ಗುಣಗಳೂ ಒಂದನ್ನೊಂದು ಹದಗೊಳಿಸುವಂತೆ ಕೂಡಿರುತ್ತಿದ್ದವು.

ಈ ಒಡೆಯುವಿಕೆಯ ಕಾರಣವನ್ನು ರಸಾಯನಶಾಸ್ತ್ರವು ಈಗ ಸ್ಪಷ್ಟವಾಗಿ ತಿಳಿಸಿಕೊಟ್ಟಿದೆ. ಸೀಗೆಯ ಸಿಪ್ಪೆಯಲ್ಲಿಯೂ ಅಂಟುವಾಳದ ತಿರುಳಿನಲ್ಲಿಯೂ ಸಾಪೊನಿನ್‌ ಎಂಬ ವರ್ಗದ ದ್ರವ್ಯಗಳಿವೆ. ಇವುಗಳ ಅಣುವಿನ ಒಂದು ಭಾಗವು ಎಣ್ಣೆಯನ್ನು ಒಲಿಯುವ ಟ್ರೈಟರ್ಪೀನ್‌ ಚೌಕಟ್ಟು, ಇನ್ನೊಂದು ಭಾಗವು ನೀರನ್ನು ಒಲಿಯುವ ಸಕ್ಕರೆಗಳ ಸರಪಣಿ. ಪರಸ್ಪರ ಮಾತುಬಿಟ್ಟ ಎರಡು ಮನೆಯವರ ನಡುವೆ ಇಬ್ಬರಿಗೂ ಬೇಕಾದ ನಂಟನೊಬ್ಬನು ನಿಂತು ಸಂಬಂಧ ಕೂಡಿಸುವಂತೆ, ಈ ಅಣುವು ಒಂದು ಕೈಯಿಂದ ಎಣ್ಣೆಯ ಹನಿಯನ್ನೂ ಇನ್ನೊಂದರಿಂದ ನೀರನ್ನೂ ಹಿಡಿದು, ಹನಿಯನ್ನು ಸುತ್ತುವರಿದು, ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ತೇಲಿಬಿಡುತ್ತದೆ. ನೀರಿನ ಮೇಲ್ಮೈಯ ಬಿಗಿತವು ಇದರಿಂದ ಸಡಿಲಗೊಳ್ಳುವುದರಿಂದಲೇ ನೊರೆಯೂ ಏಳುವುದು. ಕೊಬ್ಬನ್ನು ಕ್ಷಾರದೊಡನೆ ಕುದಿಸಿ ಮಾಡಿದ ಸಾಬೂನೂ ಮಾಡುವ ಕೆಲಸ ಇದೇ. ಆದರೆ ಮಾಡುವ ರೀತಿಯಲ್ಲಿ ಎರಡು ಮಹತ್ತ್ವದ ಭೇದಗಳಿವೆ. ಮೊದಲನೆಯದಾಗಿ, ಸಾಬೂನಿನ ನೀರು ಕ್ಷಾರಗುಣವುಳ್ಳದ್ದು. ಸೀಗೆಯ ನೀರು ನಸು ಹುಳಿಯಾದದ್ದು. ಕೂದಲೂ ನೆತ್ತಿಯ ಚರ್ಮವೂ ಸಹಜವಾಗಿ ನಸು ಹುಳಿಯ ಕಡೆಗೇ ಇರುವುದರಿಂದ, ಕ್ಷಾರವು ತಾಗಿದಾಗ ಕೂದಲಿನ ಹೊರಪದರದ ಹುರುಪೆಗಳು ಬಿರಿದು ಒರಟಾಗುತ್ತವೆ, ಸೀಗೆಯಲ್ಲಿ ಹಾಗಾಗುವುದಿಲ್ಲ. ಎರಡನೆಯದಾಗಿ, ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ಸಾಬೂನು ಆ ಸುಣ್ಣದೊಡನೆ ಕೂಡಿ ಕರಗದ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಸಾಪೊನಿನ್ನು ಹಾಗೆ ಗಸಿಯಾಗುವುದಿಲ್ಲ. ಬಯಲುಸೀಮೆಯ ಗಡಸು ಬಾವಿನೀರಿನಲ್ಲಿ ತಲೆಯೆರೆದುಕೊಂಡವರಿಗೆ ಈ ಎರಡನೆಯ ಭೇದವು ಎಷ್ಟು ದೊಡ್ಡದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪೂರ್ವಿಕರಿಗೆ ಕ್ಷಾರದ ಶಕ್ತಿ ತಿಳಿದಿರಲಿಲ್ಲವೆಂದು ಎಣಿಸುವುದೂ ತಪ್ಪು. ಕೆರೆಯಂಚಿನ, ಹಳ್ಳದ ದಂಡೆಯ ನೆಲದ ಮೇಲೆ ಬಿಳುಪಾಗಿ ಹೂತು ನಿಲ್ಲುವ ಸೌಳುಮಣ್ಣನ್ನು ಬಳಿದು ತಂದು ಮಡಿವಾಳರು ಹತ್ತಿಯ ಬಟ್ಟೆಗಳನ್ನು ಬೇಯಿಸುತ್ತಿದ್ದರು. ಬೂದಿಯ ತಿಳಿನೀರಿನಿಂದಲೂ ಪಾತ್ರೆ ಬಟ್ಟೆಗಳು ಶುದ್ಧವಾಗುತ್ತಿದ್ದವು. ಹತ್ತಿಯನ್ನು ಸೌಳಿಗೆ ಒಪ್ಪಿಸಿದ ಅದೇ ಮನೆಯವರು ಪಟ್ಟೆಯ ಸೀರೆಯನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆಯುತ್ತಿದ್ದರು, ಚಿನ್ನದೊಡವೆಗಳನ್ನು ಅದರಲ್ಲಿಯೇ ನೆನೆಸಿ ಬೆಳಗುತ್ತಿದ್ದರು. ಅಕ್ಕಸಾಲಿಗರ ಅಂಗಡಿಗಳಲ್ಲಿ ಅಂಟುವಾಳದ ಬಟ್ಟಲು ಇಂದಿಗೂ ಅಪರೂಪವಲ್ಲ. ಯಾವ ವಸ್ತುವಿಗೆ ಕ್ಷಾರದ ಪೆಟ್ಟು ತಡೆದೀತು, ಯಾವುದಕ್ಕೆ ಮೃದುವಾದ ಉಪಚಾರವೇ ಬೇಕು ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ಸಾಬೂನಿನ ಅಜ್ಞಾನದಿಂದ ಸೀಗೆಯು ಬಳಕೆಗೆ ಬಂದಿತೆನ್ನುವ ವಾದವು ಈ ಒಂದು ಸಂಗತಿಯ ಮುಂದೆಯೇ ನಿಲ್ಲಲಾರದು: ಕ್ಷಾರವು ಕೈಗೆಟುಕುವಷ್ಟು ಸಮೀಪದಲ್ಲಿದ್ದರೂ ತಲೆಗೆ ಅದನ್ನು ಯಾರೂ ಹಾಕಿಕೊಳ್ಳಲಿಲ್ಲ.

ಇನ್ನು ಮನೆಯೊಳಗಿನ ವ್ಯವಸ್ಥೆ. ಬಿಸಿಲು ಬಲಿಯುವ ಕಾಲಕ್ಕೆ ವರ್ಷದ ಸೀಗೆಯನ್ನು ಕೊಂಡು, ಚಾಪೆಯ ಮೇಲೆ ಹರಡಿ ಗಲಗಲನೆ ಸದ್ದಾಗುವಷ್ಟು ಒಣಗಿಸಿ, ಮೆಂತ್ಯ, ಹೆಸರುಕಾಳು, ಕಸ್ತೂರಿ ಅರಿಸಿನ, ಕಚೋರ, ಲಾವಂಚದ ಬೇರು, ಒಣಗಿದ ಕಿತ್ತಳೆ ನಿಂಬೆಯ ಸಿಪ್ಪೆ, ಹೀಗೆ ತಮ್ಮ ತಮ್ಮ ಮನೆತನದ ಲೆಕ್ಕದಂತೆ ಕೂಡಿಸಿ ಒರಳಿನಲ್ಲಿ ಕುಟ್ಟಿ ವಸ್ತ್ರಗಾಳಿತ ಮಾಡಿಟ್ಟುಕೊಳ್ಳುವುದು ಹೆಂಗಸರ ವಾರ್ಷಿಕ ಕಾರ್ಯಗಳಲ್ಲಿ ಒಂದಾಗಿತ್ತು. ಗಿರಣಿಗಳು ಬಂದ ಮೇಲೆ ಕುಟ್ಟುವ ಶ್ರಮವು ತಪ್ಪಿತಾದರೂ, ಸೀಗೆಯ ಧೂಳು ಮೂಗಿಗೇರಿದರೆ ಸೀನು ನಿಲ್ಲದಾದ ಕಾರಣ ಮತ್ತು ಅದನ್ನು ಬೀಸಿದ ಕಲ್ಲಿನಲ್ಲಿ ರಾಗಿ ಜೋಳಗಳನ್ನು ಬೀಸಲಾಗದ ಕಾರಣ, ಸೀಗೆಗೆಂದೇ ಬೇರೆ ಗಿರಣಿಯನ್ನು ಹುಡುಕಿ ಹೋಗಬೇಕಾಗಿತ್ತು. ಹೆಂಗಸರಿಗೆ ಮಂಗಳವಾರ ಶುಕ್ರವಾರಗಳು, ಗಂಡಸರಿಗೆ ಬುಧವಾರ ಶನಿವಾರಗಳು ಎಣ್ಣೆಯ ದಿನಗಳೆಂಬ ಕಟ್ಟಳೆ ಬಹುಪಾಲು ಮನೆಗಳಲ್ಲಿತ್ತು. ಎಳ್ಳೆಣ್ಣೆಯೋ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಆಯಾ ಸೀಮೆಯ ಗಾಣದಿಂದ ಬಂದುದನ್ನು ಬಿಸಿಮಾಡಿ ನೆತ್ತಿಗೆ ತಟ್ಟಿ, ಮೈಗೆ ತಿಕ್ಕಿ, ಅದು ಹಿಡಿಯುವವರೆಗೆ ಕುಳಿತಿದ್ದು, ಒಲೆಯ ಮೇಲೆ ಹೂತ ತಾಮ್ರದ ಹಂಡೆಯಲ್ಲಿ ನೀರು ಮರಳಿದ ಮೇಲೆ ಬಚ್ಚಲಿಗೆ ಇಳಿಯುವುದು ಕ್ರಮ. ಸೀಗೆಪುಡಿಯನ್ನು ಬರಿಯ ನೀರಿಗಿಂತ ಅನ್ನ ಬಸಿದ ಗಂಜಿಯಲ್ಲಿ ಕಲಸುವುದೇ ಹೆಚ್ಚು ರೂಢಿಯಲ್ಲಿತ್ತು. ಗಂಜಿಯು ಪುಡಿಯನ್ನು ಕೂದಲಿಗೆ ಹಿಡಿಸಿ, ಹರಿದು ಕಣ್ಣಿಗಿಳಿಯದಂತೆ ತಡೆದು, ಸೀಗೆಯ ಒಣಗಿಸುವ ಸ್ವಭಾವವನ್ನು ಸ್ವಲ್ಪ ತಗ್ಗಿಸುತ್ತಿತ್ತು. ತಡೆದರೂ ಅದು ಕಣ್ಣಿಗೆ ಇಳಿಯದೆ ಬಿಡುತ್ತಿರಲಿಲ್ಲವೆಂಬುದಕ್ಕೆ ಶುಕ್ರವಾರದ ಬಚ್ಚಲುಗಳಿಂದ ಕೇಳಿಬರುತ್ತಿದ್ದ ಮಕ್ಕಳ ಆಕ್ರಂದನವೇ ಸಾಕ್ಷಿ.

ಈ ಸ್ನಾನವನ್ನು ಒಬ್ಬರೇ ಮಾಡಿಕೊಳ್ಳುವಂತಿರಲಿಲ್ಲ. ಒಬ್ಬರಿಗೆ ಇನ್ನೊಬ್ಬರು ಎರೆಯಬೇಕಾಗಿತ್ತು. ಮಗುವಿಗೆ ಅಜ್ಜಿ, ಸೊಸೆಗೆ ಅತ್ತೆ, ಬಸುರಿ ಮಗಳಿಗೆ ತಾಯಿ, ಬಾಣಂತಿಗೆ ಎರೆಯುವುದರಲ್ಲಿ ನುರಿತ ಹಿರಿಯ ಹೆಂಗಸು, ಹೀಗೆ ಎರೆಯುವ ಕೈಗಳು ಸಂಬಂಧವನ್ನು ಅನುಸರಿಸಿ ನಿಯತವಾಗಿದ್ದವು. ಬಾಣಂತಿಯ ನೀರಿನಲ್ಲಿ ಎಣ್ಣೆ, ಅರಿಸಿನ, ಸೀಗೆಗಳ ಪಾತ್ರವು ಔಷಧಕ್ಕೆ ಸಮಾನವೆಂದೇ ಎಣಿಕೆಯಾಗಿತ್ತು. ವರ್ಷಕ್ಕೊಮ್ಮೆ ಬರುವ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಬರೆದು, ಮಲೆನಾಡಿನಲ್ಲಿ ಹಿಂಡಲೆಕಾಯಿಯ ಬಳ್ಳಿಯನ್ನು ಅದರ ಕೊರಳಿಗೆ ಸುತ್ತಿ ಪೂಜಿಸಿ, ನರಕಚತುರ್ದಶಿಯ ಅರುಣೋದಯಕ್ಕೆ ಮುನ್ನವೇ ಮನೆಯ ಸಮಸ್ತರೂ ಅಭ್ಯಂಜನ ಮಾಡುವ ಆಚರಣೆಯು ಈ ವಾರವಾರದ ಕ್ರಮಕ್ಕೆ ಹಬ್ಬದ ಮುದ್ರೆಯನ್ನು ಒತ್ತಿತು. ಇಷ್ಟೆಲ್ಲಕ್ಕೂ ಬೇಕಾಗುತ್ತಿದ್ದ ಸಾಮಗ್ರಿಯನ್ನು ಲೆಕ್ಕಹಾಕಿ ನೋಡಿ: ಧಾರಾಳವಾದ ಸೌದೆ, ಧಾರಾಳವಾದ ನೀರು, ಬಿಡುವುಳ್ಳ ಅರ್ಧ ದಿನ, ಎರೆಯುವುದಕ್ಕೆ ಇನ್ನೊಂದು ಜೀವ. ಸೀಗೆಯ ಬೆಲೆ ಅಗ್ಗವಾಗಿದ್ದಿತು. ಸೀಗೆಯ ಸ್ನಾನವು ಅಗ್ಗವಾಗಿರಲಿಲ್ಲ. ಈ ವೆಚ್ಚದ ಬಹುಭಾಗವನ್ನು ತೆತ್ತವರು ಮನೆಯ ಹೆಂಗಸರು. ಅವರ ಶ್ರಮವು ಲೆಕ್ಕಕ್ಕೆ ಸೇರುತ್ತಿರಲಿಲ್ಲವಾದ್ದರಿಂದಲೇ ಆ ಪದ್ಧತಿಯು ಸುಲಭವಾದದ್ದೆಂದು ನಮಗೆ ತೋರುತ್ತದೆ.

ಸುಲಭವೆಂದು ತೋರುವ ಇನ್ನೊಂದು ಸಂಗತಿಯೆಂದರೆ ಕಾಡಿನಿಂದ ಕಾಯಿ ಬರುವುದು. ಸೀಗೆಯನ್ನು ತೋಟದ ಬೆಳೆಯಾಗಿ ಬೆಳೆದವರು ವಿರಳ. ನಾಡಿನ ತಲೆಗಳನ್ನೆಲ್ಲ ತೊಳೆದದ್ದು ಕಾಡಿನ ಜನ ಮುಳ್ಳಿನ ನಡುವೆ ಕೈಯಿಟ್ಟು ಕೂಡಿಹಾಕಿದ ಕಾಯಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರವು ಅರಣ್ಯಗಳ ಮೇಲೆ ತನ್ನ ಒಡೆತನವನ್ನು ಕಾಯಿದೆಗಳಿಂದ ಸ್ಥಾಪಿಸಿಕೊಂಡಾಗ ಜೇನು, ಅಳಲೆ, ನೆಲ್ಲಿಗಳಂತೆ ಸೀಗೆ ಅಂಟುವಾಳಗಳೂ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಗೆ ಸೇರಿ, ಹರಾಜಿನಲ್ಲಿ ಗುತ್ತಿಗೆದಾರರ ಕೈಗೆ ಹೋದವು. 1889ರಿಂದ ಸಂಪುಟ ಸಂಪುಟವಾಗಿ ಹೊರಬಂದ ಜಾರ್ಜ್‌ ವ್ಯಾಟ್‌ ಎಂಬವನ ಭಾರತೀಯ ವಾಣಿಜ್ಯದ್ರವ್ಯಗಳ ಮಹಾಕೋಶದಲ್ಲಿ ಇವೆರಡಕ್ಕೂ ಸ್ಥಾನವುಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವೃತ್ತಾಂತವು ಇದರ ಮುಂದಿನ ಕಥೆಯನ್ನು ಹೇಳುತ್ತದೆ. ಗುತ್ತಿಗೆದಾರರ ಹಿಡಿತವನ್ನು ತಪ್ಪಿಸಲು ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು ಏರ್ಪಟ್ಟು, ಸೋಲಿಗರು ಸೀಗೆ, ಅಂಟುವಾಳ, ಜೇನು, ನೆಲ್ಲಿ, ಪಾಚಿಗಳನ್ನು ಸಂಘಕ್ಕೆ ತಂದುಕೊಡುತ್ತಿದ್ದರು. ಆ ಬೆಟ್ಟವು 1974ರಲ್ಲಿ ವನ್ಯಜೀವಿಧಾಮವಾಯಿತು. 2002ರಲ್ಲಿ ವನ್ಯಜೀವಿ ಕಾಯಿದೆಗೆ ಆದ ತಿದ್ದುಪಡಿಯ ಪರಿಣಾಮವಾಗಿ 2006ರ ಹೊತ್ತಿಗೆ ಅಲ್ಲಿ ಕಾಯಿ ಕೂಡಿಸುವುದೇ ನಿಷಿದ್ಧವಾಯಿತು. ಅದೇ 2006ರಲ್ಲಿ ಹೊರಟ ಅರಣ್ಯಹಕ್ಕುಗಳ ಕಾಯಿದೆಯನ್ನು ಆಧರಿಸಿ ಹೋರಾಡಿದ ಸೋಲಿಗರಿಗೆ, ಬೆಟ್ಟವು ಹುಲಿಮೀಸಲಾದ 2011ರಲ್ಲಿಯೇ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಸೀಗೆಯ ಬಳ್ಳಿಯನ್ನು ಹೇಗೆ ಬಗ್ಗಿಸಬೇಕು, ಎಷ್ಟು ಕಾಯಿ ಬಿಡಬೇಕು ಎಂಬುದನ್ನು ತಲೆಮಾರುಗಳಿಂದ ಬಲ್ಲವರು ಆ ಕಾಯಿಗಾಗಿ ಕಾಗದಪತ್ರದ ಹಕ್ಕನ್ನು ಸಂಪಾದಿಸಬೇಕಾಯಿತೆಂಬುದು ಈ ಪದ್ಧತಿಯ ಚರಿತ್ರೆಯ ಒಂದು ಕಹಿಯಾದ ಪುಟ.

ಈಗ ಅವನತಿಯ ಕಾರಣಗಳಿಗೆ ಬರೋಣ. ಕಾರ್ಖಾನೆಯ ಸಾಬೂನು ಈ ದೇಶಕ್ಕೆ ದೊಡ್ಡ ಪ್ರಮಾಣದಲ್ಲಿ ಬರತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ. 1888ರಲ್ಲಿ ಸನ್‌ಲೈಟ್‌ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದವು. ಮೈಸೂರು ಸಂಸ್ಥಾನದಲ್ಲಿ ಸಾಬೂನಿನ ಉದಯವು ಮೊದಲನೆಯ ಮಹಾಯುದ್ಧದ ಒಂದು ಉಪಫಲ. ಯೂರೋಪಿಗೆ ಹೋಗುತ್ತಿದ್ದ ಗಂಧದ ಕೊರಡುಗಳು ಯುದ್ಧದ ದೆಸೆಯಿಂದ ಇಲ್ಲಿಯೇ ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಗಂಧದೆಣ್ಣೆಯನ್ನು ಸಂಸ್ಥಾನದಲ್ಲಿಯೇ ಬಟ್ಟಿಯಿಳಿಸುವ ಏರ್ಪಾಡು ಮಾಡಿಸಿದರು. ಸಾಬೂನಿನ ವಿದ್ಯೆಯನ್ನು ಕಲಿತುಬರುವುದಕ್ಕಾಗಿ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋದರು. 1916ರಿಂದ 1918ರವರೆಗಿನ ಅವಧಿಯಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯು ಬೆಂಗಳೂರಿನಲ್ಲಿ ನೆಲೆಗೊಂಡು, ಗಂಧದ ಪರಿಮಳದ ಬಿಲ್ಲೆಯು ಮನೆಮನೆಯನ್ನು ಹೊಕ್ಕಿತು. ಇಷ್ಟಾದರೂ ಸೀಗೆಯು ಒಡನೆಯೇ ಹಿಮ್ಮೆಟ್ಟಲಿಲ್ಲವೆಂಬುದು ಗಮನಾರ್ಹ. ಮೈಗೆ ಸಾಬೂನು, ತಲೆಗೆ ಸೀಗೆ ಎಂಬ ವಿಭಾಗವು ಮುಂದೆ ಅರ್ಧ ಶತಮಾನ ಕಾಲ ಅನೇಕ ಮನೆಗಳಲ್ಲಿ ನಡೆಯಿತು. ಸಾಬೂನಿನ ಶ್ರೇಷ್ಠತೆಯೇ ಕಾರಣವಾಗಿದ್ದಲ್ಲಿ ಈ ವಿಭಾಗಕ್ಕೆ ಎಡೆಯೇ ಇರುತ್ತಿರಲಿಲ್ಲ.

ಸೀಗೆಯನ್ನು ಹಿಮ್ಮೆಟ್ಟಿಸಿದ್ದು ಬದುಕಿನ ಇತರ ಬದಲಾವಣೆಗಳು. ಗಂಡಸರು ಜುಟ್ಟನ್ನು ಬಿಟ್ಟು ಕ್ರಾಪಿಗೆ ತಿರುಗಿದಾಗ ಮನೆಯ ತಲೆಗಳಲ್ಲಿ ಅರ್ಧದಷ್ಟಕ್ಕೆ ಎಣ್ಣೆ ಸೀಗೆಗಳ ಅವಶ್ಯಕತೆಯೇ ಕುಗ್ಗಿತು. ಕಚೇರಿ ಶಾಲೆಗಳ ಗಡಿಯಾರವು ಮಂಗಳವಾರ ಶುಕ್ರವಾರಗಳ ಬಿಡುವನ್ನು ಕಿತ್ತುಕೊಂಡು ಎಣ್ಣೆಯ ದಿನವನ್ನು ಭಾನುವಾರಕ್ಕೆ ತಳ್ಳಿತು. ಸೌದೆಯ ಒಲೆ ಹೋಗಿ ಬಾಯ್ಲರೂ ಬಳಿಕ ವಿದ್ಯುತ್ತಿನ ಗೀಸರೂ ಬಂದವು. ಹಂಡೆಯು ಅಟ್ಟ ಸೇರಿತು. ಪಟ್ಟಣದ ಬಾಡಿಗೆ ಮನೆಯ ನುಣುಪು ನೆಲದ ಕಿರಿಯ ಸ್ನಾನಗೃಹದಲ್ಲಿ ಎಣ್ಣೆ ಸುರಿದುಕೊಂಡು ಕುಳಿತುಕೊಳ್ಳುವುದು ಅಪಾಯಕರವಾಯಿತು. ಸೀಗೆಯ ಗಸಿಯು ಕೊಳವೆಗಳಲ್ಲಿ ಕಟ್ಟಿಕೊಂಡಿತು. ಕೂಡುಕುಟುಂಬವು ಒಡೆದು ಎರೆಯುವ ಕೈಗಳು ಬೇರೆ ಊರು ಸೇರಿದವು. ಎಣ್ಣೆಯನ್ನು ಹಚ್ಚುವುದೇ ಅಪರೂಪವಾದ ಮೇಲೆ ಎಣ್ಣೆಯನ್ನು ತೆಗೆಯುವ ವಸ್ತುವು ಯಾರಿಗೆ ಬೇಕು? ಹೀಗೆ ಬರಿದಾದ ಸ್ಥಳಕ್ಕೆ ಶಾಂಪೂ ಬಂದು ಕುಳಿತಿತು. 1964ರಲ್ಲಿ ಸನ್‌ಸಿಲ್ಕ್‌ ಭಾರತದ ಪೇಟೆಗೆ ಬಂದಾಗ ಅದು ಪಟ್ಟಣದ ಅನುಕೂಲವಂತರ ವಸ್ತುವಾಗಿತ್ತು. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನಿಂದ ಹೊರಟ ಚಿಕ್‌ ಮೊದಲಾದ ಅಗ್ಗದ ಪೊಟ್ಟಣಗಳು ಗೂಡಂಗಡಿಗಳಲ್ಲಿ ತೋರಣದಂತೆ ತೂಗಾಡತೊಡಗಿದ ಮೇಲೆ ಹಳ್ಳಿಯ ಹುಡುಗಿಯ ತಲೆಗೂ ಅದು ಎಟುಕಿತು. ನೀರು ಕಡಮೆ, ಸಮಯ ಕಡಮೆ, ಇನ್ನೊಬ್ಬರ ನೆರವು ಬೇಡ; ಇವೇ ಅದರ ಗೆಲುವಿನ ಕಾರಣಗಳು. ಮನೆಯ ಹೆಣ್ಣುಮಕ್ಕಳು ಇದನ್ನು ಸಂತೋಷದಿಂದಲೇ ಬರಮಾಡಿಕೊಂಡರೆಂಬುದನ್ನು, ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ, ನಾವು ಮರೆಮಾಚಕೂಡದು.

ಈಗ ಮತ್ತೆ ಸೀಗೆ ಅಂಟುವಾಳಗಳನ್ನು ಮನೆಯಲ್ಲಿ ಪ್ರಯೋಗಿಸುವವರು ಎದುರಿಸುವ ತೊಡಕುಗಳು ಈ ಚರಿತ್ರೆಯ ಬೆಳಕಿನಲ್ಲಿ ತಿಳಿಯಾಗುತ್ತವೆ. ಅವರು ಅಂಟುವಾಳವನ್ನು ಕುದಿಸಿ ಸೋಸಿ ಸೀಸೆಯಲ್ಲಿ ತುಂಬಿಡುತ್ತಾರೆ. ಕಾಯಿಯಲ್ಲಿರುವ ಸಕ್ಕರೆಯ ದೆಸೆಯಿಂದ ಆ ಕಷಾಯವು ಕೆಲವೇ ದಿನಗಳಲ್ಲಿ ಹುಳಿತು ನಾರುತ್ತದೆ. ಪೂರ್ವಿಕರು ಅದನ್ನು ಒಣಕಾಯಿಯಾಗಿಯೋ ಪುಡಿಯಾಗಿಯೋ ಮಾತ್ರ ಸಂಗ್ರಹಿಸಿ, ನೀರನ್ನು ಸ್ನಾನದ ವೇಳೆಗೇ ಬೆರೆಸುತ್ತಿದ್ದುದರ ಕಾರಣ ಇದೇ: ತೇವವಿಲ್ಲದೆಡೆ ಕೊಳೆಯುವಿಕೆಯಿಲ್ಲ. ಎಣ್ಣೆ ಹಚ್ಚದ ತಲೆಗೆ ಬರಿಯ ಸೀಗೆಯನ್ನು ಹಾಕಿ ಕೂದಲು ಹುಲ್ಲಿನಂತಾಯಿತೆಂದು ಕೆಲವರು ದೂರುತ್ತಾರೆ. ಹಚ್ಚಿದ ಎಣ್ಣೆಯನ್ನು ಹಿಡಿಯಬೇಕಾದ ದ್ರವ್ಯಕ್ಕೆ ಎಣ್ಣೆಯೇ ಸಿಕ್ಕದಿದ್ದರೆ ಅದು ಚರ್ಮದ ಸಹಜಸ್ನೇಹವನ್ನೇ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಅಂಟುವಾಳದ ನೀರಿನಲ್ಲಿ ಎಣ್ಣೆಯನ್ನು ಕಡೆದು ತಿಂಗಳುಗಟ್ಟಲೆ ನಿಲ್ಲುವ ಮುಖಲೇಪವನ್ನು ಮಾಡಬೇಕೆಂದು ಹೊರಟವರಿಗೆ ಹಾಲಿನಂಥ ದ್ರವವು ಕೆಲಕಾಲ ಕಾಣಿಸಿಕೊಂಡು ಮತ್ತೆ ಎಣ್ಣೆ ಬೇರೆ, ನೀರು ಬೇರೆಯಾಗಿ ನಿಲ್ಲುತ್ತದೆ. ಬಚ್ಚಲಿನ ಕೆಲಸಕ್ಕೆ ಆ ಕೂಟವು ನಾಲ್ಕು ಚೊಂಬು ನೀರು ಸುರಿಯುವಷ್ಟು ಹೊತ್ತು ನಿಂತರೆ ಸಾಕಾಗಿತ್ತು. ಅದಕ್ಕೂ ಮೀರಿದ ಸ್ಥೈರ್ಯವನ್ನು ಆ ಕಾಯಿಯಿಂದ ಯಾರೂ ಕೇಳಿರಲಿಲ್ಲ. ಸ್ಥೈರ್ಯವೇ ಬೇಕಾದಲ್ಲಿ ಸೋಯಾ ಅವರೆಯಿಂದ ತೆಗೆಯುವ ಲೆಸಿತಿನ್‌, ತೆಂಗಿನೆಣ್ಣೆಯ ಅಂಶವನ್ನು ಸಕ್ಕರೆಯೊಡನೆ ಕೂಡಿಸಿದ ಗ್ಲೂಕೋಸೈಡುಗಳು ಮೊದಲಾದ ಇಂದಿನ ಸಸ್ಯಮೂಲದ ದ್ರವ್ಯಗಳಿವೆ. ಇವು ಸಸ್ಯದಿಂದ ಬಂದರೂ ಕಾರ್ಖಾನೆಯ ಮಾರ್ಗವಾಗಿಯೇ ಬಂದವುಗಳು.

ಚಿಲಿ ದೇಶದವರು ಕ್ವಿಲ್ಲಾಯ ಎಂಬ ಮರದ ತೊಗಟೆಯನ್ನು ನೀರಿನಲ್ಲಿ ನೆನೆಸಿ ಇದೇ ಸಾಪೊನಿನ್ನನ್ನು ಪಡೆದು ತಲೆ ತೊಳೆದುಕೊಂಡರು; ಸಾಗರದ ಆಚೆಯ ಆ ಜನಕ್ಕೂ ನಮಗೂ ಈ ವಿದ್ಯೆಯಲ್ಲಿ ಯಾವ ವ್ಯವಹಾರವೂ ಇರಲಿಲ್ಲ. ಆದ್ದರಿಂದ ನೊರೆಬರುವ ಕಾಯಿಯನ್ನು ಕಂಡುಹಿಡಿದುದು ಕನ್ನಡಿಗರ ಅಸಾಧಾರಣ ಸಾಧನೆಯೆಂದು ಹೆಮ್ಮೆಪಡುವಂತಿಲ್ಲ. ನಮ್ಮ ನಾಡು ಸಾಧಿಸಿದ್ದು ಹದವನ್ನು: ಇಷ್ಟು ಎಣ್ಣೆಗೆ ಇಷ್ಟು ಸೀಗೆ, ಇಂಥ ಕೂದಲಿಗೆ ಇಂ‍ಥ ಮಿಶ್ರಣ, ಇಂಥ ವಾರಕ್ಕೆ ಇಂಥವರ ಸರದಿ ಎಂಬ ಪ್ರಮಾಣಜ್ಞಾನವು ಬರವಣಿಗೆಯ ನೆರವಿಲ್ಲದೆಯೇ ಮನೆಯಿಂದ ಮನೆಗೆ ಸಾಗಿಬಂತು. ಕಾಯಿ ಈಗಲೂ ಪೇಟೆಯಲ್ಲಿ ದೊರೆಯುತ್ತದೆ. ಅದರ ಗುಣವನ್ನು ರಸಾಯನಶಾಸ್ತ್ರವು ಬಿಡಿಸಿಟ್ಟಿದೆ. ಅದನ್ನು ಮರಳಿ ಬಳಸಲಿಚ್ಛಿಸುವವರು ಮೊದಲು ಎಣ್ಣೆಯನ್ನು ಮರಳಿ ತರಬೇಕು. ಎಣ್ಣೆ ಬರುವುದಕ್ಕೆ ಬಿಡುವು ಬೇಕು. ಆ ಬಿಡುವನ್ನು ಮನೆಯ ಹೆಂಗಸೊಬ್ಬಳ ದುಡಿಮೆಯಿಂದ ಸಾಲ ತೆಗೆಯದೆ ಮನೆಯವರೆಲ್ಲರೂ ಹಂಚಿಕೊಳ್ಳುವುದು, ಕಾಯಿಯ ಬೆಲೆಯಲ್ಲಿ ಕಾಡಿನವರಿಗೆ ಸಲ್ಲಬೇಕಾದ ಪಾಲನ್ನು ಸಲ್ಲಿಸುವುದು, ಇವೆರಡೂ ಕೂಡಿಬಂದರೆ ಹಳೆಯ ಪದ್ಧತಿಯು ಅದರ ಹಳೆಯ ಅನ್ಯಾಯಗಳನ್ನು ಹಿಂದೆ ಬಿಟ್ಟು ಬಂದಂತಾಗುತ್ತದೆ.